ಸೋಮವಾರದ ಮಿತ್ರರು ಮತ್ತು ಒಂದು ಗಾಯಕವೃಂದ

ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಸುತ್ತಣ ರಾಷ್ಟ್ರಗಳೆಲ್ಲ ರಣಾಗ್ನಿಯಲ್ಲಿ ಬೇಯುತ್ತಿರಲು ತಾನು ಮಾತ್ರ ತಟಸ್ಥವಾಗಿ ಉಳಿದಿದ್ದ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ, ಕಾರ್ಲ್-ಬಿರ್ಗರ್ ಬ್ಲೋಮ್‌ಡಾಲ್ ಎಂಬ ತರುಣ ಸಂಗೀತರಚನಕಾರನ ಮನೆಯಲ್ಲಿ ಸೋಮವಾರ ಸೋಮವಾರ ಕೆಲವರು ಮಿತ್ರರು ಸೇರುವ ಪದ್ಧತಿಯಿತ್ತು. ಜರ್ಮನ್ ರಚನಕಾರ ಹಿಂಡೆಮಿತ್ ಬರೆದ ರಚನಾಶಾಸ್ತ್ರದ ಗ್ರಂಥವನ್ನು ಕೂಡಿ ಓದುವುದು, ಹೊಸದಾಗಿ ಬರೆದುದನ್ನು ಪರಸ್ಪರರ ನಿಷ್ಠುರ ವಿಮರ್ಶೆಗೆ ಒಡ್ಡುವುದು, ತಮ್ಮ ಹಿರಿಯರ ರಮ್ಯ ರಾಷ್ಟ್ರೀಯತೆಯ ಇಂಪಿಗೆ ಪ್ರತಿಯಾಗಿ ಬೇರೊಂದು ಸ್ವರಮಾರ್ಗವನ್ನು ಅರಸುವುದು, ಇವು ಅವರ ಕಾರ್ಯಕಲಾಪಗಳು. ಸ್ವೀಡನ್ನಿನ ಸಂಗೀತೇತಿಹಾಸದಲ್ಲಿ ‘ಸೋಮವಾರದ ಕೂಟ’ವೆಂದೇ ಪ್ರಸಿದ್ಧವಾದ ಆ ಗುಂಪಿನಲ್ಲಿ ಇಂಗ್ವಾರ್ ಲಿಡ್‌ಹೋಲ್ಮ್, ಸ್ವೆನ್-ಎರಿಕ್ ಬೆಕ್ ಮೊದಲಾದ ರಚನಕಾರರ ಸಂಗಡ, ಬೂರೋಸ್ ಪಟ್ಟಣದಲ್ಲಿ 1918ರಲ್ಲಿ ಜನಿಸಿದ ಎರಿಕ್ ಎರಿಕ್ಸನ್ ಎಂಬಾತನೂ ಇದ್ದನು. ಆತನಿಗೆ ಬೇಕಾದದ್ದು ಲೇಖನಿಗಿಂತ ಹೆಚ್ಚಾಗಿ ಕಂಠಗಳು. 1945ರಲ್ಲಿ ಆತನು ಗೆಳೆಯರನ್ನು ಕೂಡಿಸಿ ಕಟ್ಟಿದ, ಮುಂದೆ ಆತನ ಹೆಸರನ್ನೇ ಧರಿಸಿದ ಕಿರಿಯ ಗಾಯಕವೃಂದವೇ ಈ ಲೇಖನದ ವಸ್ತು.

ಸ್ವೀಡನ್ನಿನವರಿಗೆ ಕೂಡಿ ಹಾಡುವುದು ಹೊಸದಾಗಿರಲಿಲ್ಲ. ಉಪ್ಸಾಲ ಮತ್ತು ಲುಂಡ್ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪುರುಷಕಂಠಗಳ ವೃಂದಗಾನಕ್ಕೆ ಖ್ಯಾತರಾಗಿದ್ದರು. 1867ರಲ್ಲಿ ಪ್ಯಾರಿಸ್ಸಿನ ಜಾಗತಿಕ ಪ್ರದರ್ಶನಕ್ಕೆ ಹೋಗಿ ಹಾಡಿ ಉಪ್ಸಾಲದವರು ಬಹುಮಾನವನ್ನೂ ತಂದರು. ಗ್ರೀಕ್ ಪುರಾಣದ ಗಾಯಕ ಓರ್ಫೇಯಸನ ಸೇವಕರೆಂಬ ಅರ್ಥದ ಹೆಸರನ್ನಿಟ್ಟುಕೊಂಡು 1853ರಲ್ಲಿ ಹುಟ್ಟಿದ ಅಲ್ಲಿಯ ಸಂಘವನ್ನು ಎರಿಕ್ಸನ್ ತಾನೇ ಮುಂದೆ ನಲವತ್ತು ವರ್ಷ, 1951ರಿಂದ 1991ರವರೆಗೆ, ನಡೆಸಿದನು. ಆದರೆ ಆ ಹಳೆಯ ವೃಂದಗಾನದಲ್ಲಿ ಸೌಹಾರ್ದವೂ ದೇಶಭಕ್ತಿಯೂ ಎಷ್ಟು ಧಾರಾಳವಾಗಿದ್ದುವೋ ಸ್ವರಸೂಕ್ಷ್ಮತೆ ಅಷ್ಟು ಧಾರಾಳವಾಗಿರಲಿಲ್ಲವೆಂದು ಸೋಮವಾರದ ಮಿತ್ರರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಅವರ ದೃಷ್ಟಿ ಇನ್ನೂ ಹಿಂದಕ್ಕೆ, ಹದಿನಾರನೆಯ ಶತಮಾನದ ಮ್ಯಾಡ್ರಿಗಲ್ಲುಗಳೆಂಬ ಲೌಕಿಕ ಗೀತಗಳ ಮತ್ತು ಮೊಟೆಟ್ಟುಗಳೆಂಬ ಧಾರ್ಮಿಕ ಗೀತಗಳ ಕಡೆಗೆ ಹೊರಳಿತು. ಎರಿಕ್ಸನ್ ಆ ಪ್ರಾಚೀನ ಸಂಗೀತದ ಅಭ್ಯಾಸಕ್ಕಾಗಿ ಸ್ವಿಟ್ಸರ್‌ಲೆಂಡಿನ ಬಾಸೆಲ್ ನಗರದ ವಿದ್ಯಾಪೀಠಕ್ಕೂ ಹೋದನು. ಕಿಟ್ಟೆಲರ ನಿಘಂಟನ್ನು ಬಲ್ಲ ಕನ್ನಡಿಗನಿಗೆ ಆ ಊರಿನ ಹೆಸರು ಪರಕೀಯವಾಗದು; ಆ ಪಂಡಿತನನ್ನು ನಮ್ಮ ಕರಾವಳಿಗೆ ಕಳುಹಿಸಿದ ಮಿಷನ್ನಿನ ಮೂಲಸ್ಥಾನವೂ ಅದೇ.

ಇಂಥ ವೃಂದದ ಶ್ರಮ ಏನೆಂಬುದನ್ನು ನಮ್ಮ ಸಂಗೀತದ ಅನುಭವವುಳ್ಳವರಿಗೆ ತಿಳಿಸುವುದು ಕಷ್ಟವಲ್ಲ. ನಮ್ಮ ಗಾಯಕನ ಬೆನ್ನ ಹಿಂದೆ ತಂಬೂರಿ ಅವಿಚ್ಛಿನ್ನವಾಗಿ ನುಡಿಯುತ್ತಿರುತ್ತದೆ. ಅಲ್ಲಿಯಾದರೋ, ಶ್ರುತಿಕವೆಯ ಒಂದು ಸ್ವರವನ್ನು ಕೇಳಿ ಬಾಯಿ ತೆರೆದ ಮೇಲೆ, ಸುಮಾರು ಮೂವತ್ತು ಜನರಲ್ಲಿ ಪ್ರತಿಯೊಬ್ಬರಿಗೂ ಪಕ್ಕದವರ ಕಂಠವೇ ತಂಬೂರಿ. ಒಬ್ಬರು ಎಳ್ಳಷ್ಟು ಸಡಲಿದರೂ ಉಳಿದವರು ಅರಿಯದೆಯೇ ಆ ಕಡೆಗೆ ವಾಲುತ್ತಾರೆ. ಕೃತಿ ಮುಗಿಯುವ ವೇಳೆಗೆ ವೃಂದವೆಲ್ಲ ಅರ್ಧ ಸ್ವರ ಕೆಳಕ್ಕೆ ಕುಸಿದಿರುವುದುಂಟು. ಷಡ್ಜದ ಮೇಲೆ ನಿಲ್ಲುವ ಅಂತರಗಾಂಧಾರವು ಶುದ್ಧವಾಗಿ ಕೂಡಬೇಕಾದರೆ ಪಿಯಾನೋ ಹೇಳುವುದಕ್ಕಿಂತ ಕೂದಲೆಳೆಯಷ್ಟು ತಗ್ಗಿಸಿ ಹಿಡಿಯಬೇಕು. ಹಾಗೆ ಹಿಡಿಯಲು ಕಂಠದ ಕಂಪವನ್ನು ನಿಗ್ರಹಿಸಬೇಕು. ನಿಗ್ರಹಿಸಿಯೂ ಧ್ವನಿ ಒಣಗದಂತೆ ನೋಡಿಕೊಳ್ಳಬೇಕು. ಒಪೆರಾ ರಂಗದಲ್ಲಿ ಮೆರೆಯಬಲ್ಲ ಘನಕಂಠಗಳು ಇಲ್ಲಿ ತಮ್ಮ ಸ್ವತ್ವವನ್ನು ಮರೆಯದಿದ್ದರೆ ವಿಘ್ನವೇ ಆಗುತ್ತವೆ.

ಈ ಶಿಕ್ಷಣದಿಂದ ಒದಗಿದ ಫಲ ಮಾತ್ರ ಹಳೆಯ ಸಂಗೀತಕ್ಕಷ್ಟೇ ಸೀಮಿತವಾಗಲಿಲ್ಲವೆಂಬುದು ನನಗೆ ಈ ಇತಿಹಾಸದಲ್ಲಿ ಅತ್ಯಂತ ಸ್ವಾರಸ್ಯಕರವಾಗಿ ಕಾಣುತ್ತದೆ. ಶುದ್ಧಾಂತರಗಳನ್ನು ಹಿಡಿಯಲು ಕಲಿತ ಕಿವಿಗೆ ಕರ್ಕಶಾಂತರಗಳನ್ನು ಹಿಡಿಯುವ ಧೈರ್ಯವೂ ಬಂದಿತು. 1947ರಲ್ಲಿ ಲಿಡ್‌ಹೋಲ್ಮ್ ಲ್ಯಾಟಿನ್ ವಚನಗಳಿಗೆ ‘ಲೌಡಿ’ ಎಂಬ ವಾದ್ಯರಹಿತ ಕೃತಿಯನ್ನು ರಚಿಸಿದಾಗ, ಸಾಮಾನ್ಯ ವೃಂದಗಳು ಕೈಚೆಲ್ಲುವಂಥ ಸ್ವರಬಂಧಗಳನ್ನು ಆತ ನಿಶ್ಶಂಕೆಯಿಂದ ಬರೆಯಲು ಶಕ್ತನಾದದ್ದು, ಹಾಡಬಲ್ಲ ಮಿತ್ರರು ಎದುರಿಗೇ ಇದ್ದುದರಿಂದ. ರಚನಕಾರನು ಬರೆದದ್ದನ್ನು ಗಾಯಕರು ಹಾಡುವುದು ಲೋಕರೂಢಿ. ಇಲ್ಲಿ ಗಾಯಕರು ಇಂಥದನ್ನು ಹಾಡಬಲ್ಲರೆಂಬ ಭರವಸೆಯೇ ರಚನಕಾರನ ಕೈಯಲ್ಲಿ ಬರೆಯಿಸಿತು. ಎಜ್ರಾ ಪೌಂಡನ ಕಾವ್ಯಭಾಗವನ್ನಾಧರಿಸಿ 1956ರಲ್ಲಿ ಲಿಡ್‌ಹೋಲ್ಮನೇ ಬರೆದ ಕೃತಿಯೂ, ಡಾಂಟೆಯ ಮಹಾಕಾವ್ಯದ ಸಾಲುಗಳಿಗೆ ಎಪ್ಪತ್ತರ ದಶಕದ ಆರಂಭದಲ್ಲಿ ಸ್ವರವಿತ್ತ ಕೃತಿಯೂ ಇದೇ ಭರವಸೆಯ ಸಂತಾನಗಳು.

ಗೆಳೆತನದಿಂದ ಹುಟ್ಟಿದ ಹಾಡು ವೃತ್ತಿಯಾಗಲು ರೇಡಿಯೋ ಕಾರಣವಾಯಿತು. ಸ್ವೀಡನ್ನಿನ ರೇಡಿಯೋ ಸಂಸ್ಥೆಗೆ 1925ರಿಂದಲೇ ತನ್ನದೊಂದು ವೃಂದವಿತ್ತು. ಐವತ್ತರ ದಶಕದ ಆರಂಭದಲ್ಲಿ ಅದರ ಹೊಣೆ ಎರಿಕ್ಸನನಿಗೆ ಬಂದು, 1982ರವರೆಗೆ ಆತನಲ್ಲಿಯೇ ಉಳಿಯಿತು. ವೇತನ ಕೊಡುವ ಸಂಸ್ಥೆಯೊಂದು ಬೆನ್ನಿಗಿದ್ದರೆ ಕಠಿಣ ಕೃತಿಯೊಂದಕ್ಕೆ ವಾರಗಟ್ಟಲೆ ಅಭ್ಯಾಸ ಮಾಡಬಹುದು. ಸಂಜೆಯ ಬಿಡುವಿನಲ್ಲಿ ಬಂದು ಹಾಡುವವರಿಗೆ ಆ ಭಾಗ್ಯವೆಲ್ಲಿಯದು? ಹಂಗೆರಿಯಿಂದ ಪಾರಾಗಿ ಬಂದ ರಚನಕಾರ ಲಿಗೆಟಿಯ ‘ರೆಕ್ವಿಯೆಮ್’ ಮೊದಲ ಬಾರಿಗೆ ಕೇಳಿಬಂದದ್ದು 1965ರ ಮಾರ್ಚಿಯಲ್ಲಿ, ಸ್ಟಾಕ್‌ಹೋಮಿನಲ್ಲಿ, ಈ ರೇಡಿಯೋ ವೃಂದದ ಕಂಠಗಳಿಂದ. ಅದರ ಒಂದು ಭಾಗದಲ್ಲಿ ಇಪ್ಪತ್ತು ಧ್ವನಿಗಳು ಪ್ರತ್ಯೇಕ ಪ್ರತ್ಯೇಕವಾಗಿ ಹೆಣೆದುಕೊಳ್ಳುತ್ತವೆ. ಇಂಥವನ್ನು ಓದಿ ಹಾಡಲು ಬೇಕಾದ ಅಭ್ಯಾಸಕ್ರಮವೂ ಆ ಊರಿನಲ್ಲೇ ಸಿದ್ಧವಾಯಿತು: ಲಾರ್ಸ್ ಎಡ್‌ಲುಂಡ್ ಎಂಬ ಅಧ್ಯಾಪಕನು 1963ರಲ್ಲಿ ಪ್ರಕಟಿಸಿದ ‘ಮೋಡುಸ್ ನೋವುಸ್’, ಆಧಾರಸ್ವರದ ನೆಲೆಯಿಲ್ಲದ ಸಂಗೀತವನ್ನು ಅಂತರಗಳ ಜ್ಞಾನದಿಂದಲೇ ಹಾಡಲು ಕಲಿಸುವ ಪುಸ್ತಕ, ಇಂದಿಗೂ ಅನೇಕ ದೇಶಗಳ ವಿದ್ಯಾರ್ಥಿಗಳ ಬೆವರಿಳಿಸುತ್ತಿದೆ.

ಮುಂದೆ ಕೀರ್ತಿ ಬಂದ ಬಗೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಬರ್ಲಿನ್ನಿನ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ನಡೆಸುತ್ತ ರಿಕಾರ್ಡೋ ಮೂಟಿಯಂಥವರು ಗಾಯಕರನ್ನು ಸ್ಟಾಕ್‌ಹೋಮಿನಿಂದ ಕರೆಯಿಸಿಕೊಂಡರೆಂಬುದೊಂದೇ ಸಾಕು. ಐದು ಶತಮಾನಗಳ ಯೂರೋಪೀಯ ವೃಂದಗಾನವನ್ನು ಎರಿಕ್ಸನ್ ಎಪ್ಪತ್ತರ ದಶಕದಲ್ಲಿ ಧ್ವನಿಮುದ್ರಿಸಿದ ತಟ್ಟೆಗಳು ಅನ್ಯದೇಶಗಳ ನಿರ್ದೇಶಕರಿಗೆ ಪಾಠಪುಸ್ತಕಗಳಾದುವು. ಆದರೆ ಪಾಠಪುಸ್ತಕಗಳಿಗೆ ಒಂದು ಅಪಾಯ ಅಂಟಿಕೊಂಡೇ ಇರುತ್ತದೆ. ಆ ನಿರ್ಮಲವಾದ, ಕಂಪರಹಿತವಾದ ನಾದವನ್ನು ಅನುಕರಿಸಹೊರಟ ಎಷ್ಟೋ ವೃಂದಗಳಲ್ಲಿ ಇಟಲಿಯ ಶೃಂಗಾರವೂ ರಷ್ಯದ ಪ್ರಾರ್ಥನೆಯೂ ಏಕಪ್ರಕಾರವಾಗಿ ಸ್ವಚ್ಛವಾಗಿ, ಏಕಪ್ರಕಾರವಾಗಿ ತಣ್ಣಗೆ ಕೇಳಿಸುವುದನ್ನು ರಸಿಕರು ಬಲ್ಲರು. ಗುರುವಿನಲ್ಲಿ ಸಾಧನವಾಗಿದ್ದ ಶುದ್ಧತೆಯು ಅನುಕರಿಸುವವರಲ್ಲಿ ಸಾಧ್ಯವಾಗಿಬಿಟ್ಟಿತೆಂದು ನನ್ನ ಅಭಿಪ್ರಾಯ.

ಪರಂಪರೆಯನ್ನು ಜೀವಂತವಾಗಿ ಹಿಡಿದವರೂ ಇಲ್ಲದಿಲ್ಲ. ಸ್ವೀಡನ್ನಿನ ರಚನಕಾರ ಸ್ವೆನ್-ಡೇವಿಡ್ ಸ್ಯಾಂಡ್‌ಸ್ಟ್ರೋಮ್ 1986ರಲ್ಲಿ, ಹದಿನೇಳನೆಯ ಶತಮಾನದ ಆಂಗ್ಲ ರಚನಕಾರ ಪರ್ಸೆಲ್ಲನ ಪ್ರಾರ್ಥನಾಗೀತವೊಂದನ್ನು ಮೊದಲು ಇದ್ದ ಹಾಗೆಯೇ ಹಾಡಿಸಿ, ಬಳಿಕ ಅದರೊಳಗಿನಿಂದಲೇ ತನ್ನ ಕಾಲದ ದಟ್ಟ ಸ್ವರರಾಶಿಯನ್ನು ಬೆಳೆಯಿಸಿಕೊಂಡು ಹೋಗುವ ಕೃತಿಯನ್ನು ಬರೆದನು. ಹಳತೂ ಹೊಸತೂ ಒಂದೇ ಕಂಠಕ್ಕೆ ವಶವಾಗಬೇಕೆಂಬ ಸೋಮವಾರದ ಮಿತ್ರರ ಹಂಬಲಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಎರಿಕ್ಸನನಿಗೆ 1997ರಲ್ಲಿ ಪೋಲಾರ್ ಸಂಗೀತ ಪ್ರಶಸ್ತಿ ಬಂದಿತು. ಆ ವರ್ಷದ ಇನ್ನೊಬ್ಬ ಭಾಜನ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಆಗಿದ್ದದ್ದು ಪ್ರಶಸ್ತಿ ಸಮಿತಿಯ ವಿನೋದಪ್ರಜ್ಞೆಗೆ ಸಾಕ್ಷಿಯೆನ್ನಬಹುದು. ತೊಂಬತ್ತು ದಾಟಿದ ಎರಿಕ್ಸನ್ 2013ರ ಫೆಬ್ರುವರಿಯಲ್ಲಿ ತೀರಿಕೊಳ್ಳುವ ಮುನ್ನವೇ, ಆತನ ಹೆಸರಿನ ತರುಣ ನಿರ್ದೇಶಕರ ಸ್ಪರ್ಧೆ 2003ರಲ್ಲಿ ಆರಂಭವಾಗಿತ್ತು. ಅದರ ಪ್ರಥಮ ವಿಜೇತನಾದ ಡಚ್ಚರ ಪೇಟರ್ ಡೈಕ್‌ಸ್ಟ್ರಾ ನಾಲ್ಕು ವರ್ಷಗಳ ತರುವಾಯ ಅದೇ ರೇಡಿಯೋ ವೃಂದದ ಮುಖ್ಯ ನಿರ್ದೇಶಕನಾಗಿ ಸ್ಟಾಕ್‌ಹೋಮಿಗೆ ಬಂದನು.