ಹರ್ಕ್ಯುಲಿಸ್ ಗೋಪುರ: ಒಂದು ಜೀರ್ಣೋದ್ಧಾರದ ವೃತ್ತಾಂತ

ಸ್ಪೇನ್ ದೇಶದ ವಾಯವ್ಯ ತುದಿಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ಲಾ ಕೊರುನ್ಯಾ ಎಂಬ ಬಂದರು ನಗರವಿದೆ. ಅಲ್ಲಿಯ ಕಡಲಂಚಿನ ಗುಡ್ಡದ ಮೇಲೆ ಸುಮಾರು 55 ಮೀಟರ್ ಎತ್ತರದ ದೀಪಸ್ತಂಭವೊಂದು ನಿಂತಿದೆ. ಜನ ಅದನ್ನು ಹರ್ಕ್ಯುಲಿಸ್ ಗೋಪುರವೆಂದು ಕರೆಯುತ್ತಾರೆ. ಕ್ರಿ.ಶ. ಒಂದನೆಯ ಶತಮಾನದ ಕೊನೆ ಅಥವಾ ಎರಡನೆಯದರ ಆದಿಭಾಗದಲ್ಲಿ ರೋಮನ್ನರು ಕಟ್ಟಿಸಿದ ಈ ಸ್ತಂಭ ಇಂದಿಗೂ ಹಡಗುಗಳಿಗೆ ದಾರಿ ತೋರುತ್ತಿದೆ.

ಹರ್ಕ್ಯುಲಿಸನು ಗೆರಿಯೋನನೆಂಬ ದೈತ್ಯನೊಡನೆ ಮೂರು ದಿನ ಕಾದಾಡಿ, ಅವನನ್ನು ಕೊಂದು, ರುಂಡವನ್ನು ಹೂತ ಸ್ಥಳದಲ್ಲಿ ಇದನ್ನು ಎಬ್ಬಿಸಿದನೆಂಬುದು ಐತಿಹ್ಯ. ನಗರದ ಲಾಂಛನದಲ್ಲಿ ಗೋಪುರದ ಕೆಳಗೊಂದು ತಲೆಬುರುಡೆ ಇರುವುದು ಆ ಕಾರಣದಿಂದಲೇ. ಐತಿಹ್ಯ ಹೀಗೆನ್ನುತ್ತಿರುವಾಗ ಶಿಲಾಶಾಸನ ಬೇರೆಯದನ್ನೇ ನುಡಿಯುತ್ತದೆ. ಗೋಪುರದ ಬುಡದ ಬಂಡೆಯ ಮೇಲೆ ಲ್ಯಾಟಿನ್ ಬರೆಹವೊಂದಿದೆ. ಇಂದಿನ ಪೋರ್ಚುಗಲ್ಲಿನ ಕೊಯಿಂಬ್ರಾ, ಅಂದಿನ ಎಮಿನಿಯಂ, ಊರಿನ ವಾಸ್ತುಶಿಲ್ಪಿ ಗೈಯುಸ್ ಸೆವಿಯುಸ್ ಲೂಪುಸ್ ಎಂಬಾತ ಮಾರ್ಸ್ ದೇವತೆಗೆ ಸಲ್ಲಿಸಿದ ಹರಕೆಯ ಬರೆಹವದು. ಗೋಪುರವನ್ನು ಕಟ್ಟಿದವನು ತಾನೆಂದು ಆತ ಹೇಳಿಕೊಂಡಿಲ್ಲ; ವಿದ್ವಾಂಸರು ಹಾಗೆ ಊಹಿಸಿದ್ದಾರೆ, ಊಹೆ ಸಮಂಜಸವಾಗಿಯೂ ಇದೆ. ಯಾವ ಚಕ್ರವರ್ತಿಯ ಹೆಸರೂ ಅಲ್ಲಿಲ್ಲ. ಹೊಯ್ಸಳ ದೇಗುಲಗಳ ವಿಗ್ರಹಪೀಠಗಳಲ್ಲಿ ರೂವಾರಿ ಮಲ್ಲಿತಮ್ಮನ ಅಂಕಿತವನ್ನು ಓದಿದವರಿಗೆ ಈ ಲೂಪುಸ್ ಅಪರಿಚಿತನೆನಿಸಲಾರ.

ಮೂಲದಲ್ಲಿ ಗೋಪುರದ ಹೊರಮೈಯನ್ನು ಬಳಸಿಕೊಂಡು ಒಂದು ಏರುದಾರಿ ಮೇಲಕ್ಕೆ ಸಾಗುತ್ತಿತ್ತು. ಮಧ್ಯಯುಗದಲ್ಲಿ ದೀಪ ಆರಿತು, ಗೋಪುರ ಕಾವಲುಕೋಟೆಯಾಯಿತು. ಏರುದಾರಿಯ ಕಲ್ಲುಗಳನ್ನು ಕಿತ್ತು ಊರವರು ತಮ್ಮ ಕಟ್ಟಡಗಳಿಗೆ ಒಯ್ದರು. ಉಳಿದದ್ದು ಒಳಗಿನ ತಿರುಳು ಮಾತ್ರ.

1788ರಲ್ಲಿ ನೌಕಾಪಡೆಯ ಎಂಜಿನಿಯರ್ ಯೂಸ್ತಾಕಿಯೋ ಜನ್ನೀನಿ ಜೀರ್ಣೋದ್ಧಾರಕ್ಕೆ ಕೈಹಾಕಿದ. ನಮ್ಮಲ್ಲಿ ಈ ಪದವನ್ನು ಉಚ್ಚರಿಸಿದೊಡನೆ ಹಳೆಯ ಗೋಡೆ ಉರುಳುತ್ತದೆ, ಶಾಸನದ ಕಲ್ಲು ಮೆಟ್ಟಿಲಾಗುತ್ತದೆ. ಜನ್ನೀನಿ ರೋಮನ್ ತಿರುಳನ್ನು ಕೆಡವಲಿಲ್ಲ. ಅದರ ಸುತ್ತ ಹೊಸ ಕಲ್ಲಿನ ಹೊದಿಕೆಯನ್ನು ಹೊದಿಸಿದ. ಅಷ್ಟೇ ಅಲ್ಲ, ಅಳಿದುಹೋದ ಏರುದಾರಿಯ ನೆನಪಿಗೆ ಆ ಹೊದಿಕೆಯ ಮೇಲೆ ಓರೆಯಾಗಿ ಏರುವ ಪಟ್ಟಿಯೊಂದನ್ನು ಮೂಡಿಸಿದ. ಇಲ್ಲದ್ದನ್ನು ಇದೆಯೆಂದು ಸೋಗುಹಾಕದೆ, ಇತ್ತೆಂಬುದನ್ನು ಮರೆಸದೆ ಮಾಡಿದ ಇಂಥ ಕೆಲಸ ನಾನು ಓದಿಬಲ್ಲ ಜೀರ್ಣೋದ್ಧಾರಗಳಲ್ಲಿ ವಿರಳ. ಕಾಮಗಾರಿ 1791ರ ವೇಳೆಗೆ ಮುಗಿಯಿತು. 2009ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಒಳಹೊಕ್ಕು ಮೆಟ್ಟಿಲೇರುವವರು ಇಂದಿಗೂ ರೋಮನ್ನರ ಗೋಡೆಗಳ ನಡುವೆಯೇ ನಡೆಯುತ್ತಾರೆ. ಮೇಲೆ, ಇರುಳಾದೊಡನೆ, 20 ಸೆಕೆಂಡಿಗೊಮ್ಮೆ ನಾಲ್ಕು ಬಿಳಿಯ ಮಿಂಚುಗಳು ಕಡಲಿನತ್ತ ಹೊಮ್ಮುತ್ತವೆ.