ಹಳೇ ಕಾರು, ಹಳೇ ಹೆಸರು: ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಒಂದು ಸಣ್ಣ ಇತಿಹಾಸ

ಕೆಲಸಕ್ಕೆ ಅಂತ ಪುಣೆಗೋ ಹೈದರಾಬಾದಿಗೋ ಬಂದು ಎರಡು ಮೂರು ವರ್ಷ ಆಗಿರುತ್ತೆ. ಊರಿಂದ ಅಪ್ಪ ಅಮ್ಮ ಬಂದಾಗ ಓಡಾಡೋಕೆ ಒಂದು ಕಾರಿದ್ರೆ ಚೆನ್ನಾಗಿತ್ತು ಅನ್ಸುತ್ತೆ. ಹೊಸದಕ್ಕೆ ಅಷ್ಟು ದುಡ್ಡು ಯಾಕೆ, ಮೊದಲು ಒಂದು ಸೆಕೆಂಡ್ ಹ್ಯಾಂಡ್ ನೋಡೋಣ ಅಂತ ಹೊರಡ್ತೀವಿ. ಇವತ್ತಿನ ಮಾತು ಆ ಮಾರುಕಟ್ಟೆಯ ಇತಿಹಾಸದ ಬಗ್ಗೆ. ಯಾಕಂದ್ರೆ ಅಲ್ಲಿ ಜನ ಮಾಡುವ ತಪ್ಪುಗಳು ಹೊಸವಲ್ಲ, ಅವಕ್ಕೂ ಒಂದು ಚರಿತ್ರೆ ಇದೆ.

ಮೊದಲು ಲೈಸೆನ್ಸ್ ರಾಜ್ ಕಾಲಕ್ಕೆ ಹೋಗೋಣ. 1960-70ರ ದಶಕದಲ್ಲಿ ಮಧ್ಯಮ ವರ್ಗದವರ ಕಣ್ಣಿಗೆ ಬೀಳ್ತಿದ್ದದ್ದು ಮೂರೇ ಕಾರು: ಬಂಗಾಳದ ಅಂಬಾಸಿಡರ್, ಮುಂಬೈನ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಎಷ್ಟು ಕಾರು ತಯಾರಾಗಬೇಕು ಅನ್ನೋದು ಸರ್ಕಾರದ ಕೈಲಿತ್ತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಕಾಯದೇ ಕೈಗೆ ಸಿಗುವ ಹಳೇ ಕಾರಿಗೆ ಕೆಲವೊಮ್ಮೆ ಹೊಸದರ ನಿಗದಿತ ಬೆಲೆಗಿಂತ ಹೆಚ್ಚು ಕೊಡಬೇಕಾಗ್ತಿತ್ತು. ಅಂಥಾ ಕಡೆ ಚೌಕಾಸಿ ಎಲ್ಲಿಂದ ಬರಬೇಕು? ಸಿಕ್ಕಿದ್ದೇ ಪುಣ್ಯ!

ಆ ಕೊರತೆಯ ಕಾಲ ಹೋಯ್ತು. ಆದ್ರೆ "ಸಾರ್, ಇನ್ನೊಬ್ರು ಸಂಜೆ ಅಡ್ವಾನ್ಸ್ ಕೊಡ್ತಾರೆ" ಅಂದ ಕೂಡಲೇ ನಮ್ಮ ಕೈ ಈಗಲೂ ಫೋನಿಗೆ ಹೋಗುತ್ತೆ, ಪೇಮೆಂಟ್ ಮಾಡೋಕೆ. ಈಗ ಅಂಥಾ ಅವಸರ ಬೇಕಾಗಿಲ್ಲ. ಅದೇ ಮಾಡೆಲ್ಲು, ಅದೇ ವರ್ಷದ್ದು, ಊರಲ್ಲಿ ಇನ್ನೂ ಹತ್ತು ಇರುತ್ತೆ.

ಎರಡನೇ ಕಥೆಗೆ ದೆಹಲಿಯ ನಂಟಿದೆ. ಜಾರ್ಜ್ ಅಕರ್ಲಾಫ್ ಅನ್ನೋ ಅಮೆರಿಕದ ತರುಣ ಅರ್ಥಶಾಸ್ತ್ರಜ್ಞ 1967ರಲ್ಲಿ ಹಳೇ ಕಾರುಗಳ ಬಗ್ಗೆ ಒಂದು ಲೇಖನ ಬರೆದು ಪತ್ರಿಕೆಗೆ ಕಳಿಸಿ, ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಂದ್ರು. ಲೇಖನ ತಿರಸ್ಕಾರವಾಗಿದೆ ಅನ್ನೋ ಮೊದಲ ಪತ್ರ ಅವರಿಗೆ ತಲುಪಿದ್ದು ಇಲ್ಲಿದ್ದಾಗಲೇ. ಮೂರು ಪತ್ರಿಕೆಗಳು ಬೇಡ ಅಂದ ಮೇಲೆ 1970ರಲ್ಲಿ ಅದು ಅಚ್ಚಾಯ್ತು. 2001ರಲ್ಲಿ ಅವರಿಗೆ ನೊಬೆಲ್ ಬಂತು.

ಅವರು ಹೇಳಿದ್ದು ಇಷ್ಟೇ. ಗಾಡಿಯ ನಿಜವಾದ ಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಸರಾಸರಿ ಬೆಲೆ ಕೊಡೋಕೆ ಮಾತ್ರ ಒಪ್ತಾನೆ. ಆ ಬೆಲೆಗೆ ಒಳ್ಳೇ ಗಾಡಿ ಇರೋನು ಮಾರಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯೋದು ಕಳಪೆ ಮಾಲೇ. ಅಂದ್ರೆ ಸುತ್ತಮುತ್ತ ಎಲ್ಲಕ್ಕಿಂತ ಅಗ್ಗದ ಕಾರು ಕಂಡ್ರೆ ಖುಷಿ ಪಡುವ ಮೊದಲು "ಇವರಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಏನು?" ಅಂತ ಕೇಳ್ಕೋಬೇಕು. ನಿಮ್ಮ ಕಡೆಯ ಮೆಕ್ಯಾನಿಕ್ಕಿಗೆ ಕೊಡುವ ಒಂದೆರಡು ಸಾವಿರ ರೂಪಾಯಿ ಆ ಗೊತ್ತಿಲ್ಲದ್ದನ್ನ ತಿಳಿಯೋಕೆ. ಮಾರುವವನೇ ಕರ್ಕೊಂಡು ಬಂದ ಮೆಕ್ಯಾನಿಕ್ಕಿಂದ ಆ ಕೆಲಸ ಆಗಲ್ಲ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ದೆಹಲಿಯಲ್ಲಿ ಮೊದಲ ಮಾರುತಿ 800ರ ಕೀ ಕೊಟ್ರು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕಿಲ್ಲ ಅಂತಾಯ್ತು. 1998ರಲ್ಲಿ ಸ್ಯಾಂಟ್ರೋ, ಇಂಡಿಕಾ ಬಂದ್ವು. ಜೊತೆಗೇ ಕಾರ್ ಲೋನೂ ಮನೆಮಾತಾಯ್ತು. ಅಲ್ಲಿಂದ ಹುಟ್ಟಿದ ಹೊಸ ತಪ್ಪು ಇದು: ಸಾಲ ತೀರದ ಕಾರನ್ನ ಕೊಳ್ಳೋದು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹೈಪೋಥಿಕೇಷನ್ ಅಂತ ಇದ್ರೆ, ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಆ ನಮೂದು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡಿ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪು. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಮಾಲೀಕ ಅಂದ್ರೆ ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವನೇ. ಒಂದೇ ರಾಜ್ಯದೊಳಗೆ ಆದ್ರೆ ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಫಾರಂ 29, 30 ಇರೋದೇ ಇದಕ್ಕೆ. ಆದ್ರೆ ಕಾಗದಕ್ಕೆ ಸಹಿ ಹಾಕಿಸಿ ಡ್ರಾಯರಲ್ಲಿ ಇಟ್ಟು, ಹೆಸರು ಬದಲಿಸದೇ ಓಡಿಸುವವರು ಇದ್ದಾರೆ. ಅದರ ಫಲ ಏನು ಅನ್ನೋದು 2018ರಲ್ಲಿ ಸುಪ್ರೀಂ ಕೋರ್ಟಿನ ನವೀನ್ ಕುಮಾರ್ ವರ್ಸಸ್ ವಿಜಯ್ ಕುಮಾರ್ ತೀರ್ಪಿನಲ್ಲಿ ಬಂತು. ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು, ದಾಖಲೆಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. 2009ರಲ್ಲಿ ಅಪಘಾತ ಆಯ್ತು, ಒಂದು ಜೀವ ಹೋಯ್ತು. ಪರಿಹಾರದ ಹೊಣೆ ನೋಂದಾಯಿತ ಮಾಲೀಕನದ್ದೇ ಅಂತ ಕೋರ್ಟ್ ಹೇಳಿತು. ಎಂದೋ ಮಾರಿ ಮರೆತ ಗಾಡಿ!

ಇದು ಮಾರಿದವರ ತಲೆನೋವು, ನಮಗೇನು ಅನ್ಬೇಡಿ. ವಿಮೆಯೂ ನಿಮ್ಮ ಹೆಸರಿಗೆ ಬರಬೇಕು, ಅದಕ್ಕೆ 14 ದಿನದಲ್ಲಿ ಅರ್ಜಿ ಹಾಕಬೇಕು. ಇಲ್ದಿದ್ರೆ ನಾಳೆ ನಿಮ್ಮ ಗಾಡಿಗೇ ಏಟು ಬಿದ್ದಾಗ ಆ ನಷ್ಟ ಕೇಳೋಕೆ ನಿಮಗೆ ದಾರಿ ಇರಲ್ಲ. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ ಅವನ ಜೊತೆಗೇ ಹೋಗುತ್ತೆ, ಗಾಡಿ ಜೊತೆ ಬರಲ್ಲ.

ಊರೂರಿನ ಇತಿಹಾಸವೂ ಗಾಡಿಗೆ ಅಂಟಿರುತ್ತೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. 2015ರಲ್ಲಿ ಚೆನ್ನೈ, 2020ರಲ್ಲಿ ಹೈದರಾಬಾದ್ ಮುಳುಗಿದ್ವು. ನೀರಲ್ಲಿ ನಿಂತ ಕಾರನ್ನ ತೊಳೆದು ಮಾರಬಹುದು, ಆದ್ರೆ ಸೀಟ್ ಬೆಲ್ಟನ್ನ ಕೊನೇವರೆಗೂ ಎಳೆದು ನೋಡಿ: ಕೆಸರಿನ ಕಲೆ ಅಲ್ಲಿ ಉಳಿದಿರುತ್ತೆ. ಕಾರ್ಪೆಟ್ ಎತ್ತಿ ತುಕ್ಕು ನೋಡಿ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದ ನಿರ್ಬಂಧ ಆಮೇಲೆ ಬದಲಾಗ್ತಾ ಬಂದಿದೆ. ಅಲ್ಲಿ ಕೊಳ್ಳುವವರು ಇವತ್ತಿನ ನಿಯಮ ನೋಡಿಯೇ ಮುಂದುವರೀಬೇಕು.

ಕೊನೆಯದು ನಮ್ಮಂಥ ವಲಸಿಗರ ಲೆಕ್ಕ. ನಾಳೆ ಬೆಂಗಳೂರಿಗೋ ಮೈಸೂರಿಗೋ ಟ್ರಾನ್ಸ್‌ಫರ್ ಆದ್ರೆ? 12 ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿ ಗಾಡಿ ಇಟ್ಕೊಂಡ್ರೆ ಅಲ್ಲಿ ಮರುನೋಂದಣಿ ಆಗಬೇಕು. ಅದಕ್ಕೆ ಹಳೇ ಆರ್‌ಟಿಒದಿಂದ ಎನ್‌ಒಸಿ, ಕರ್ನಾಟಕದಲ್ಲಿ ತೆರಿಗೆ. ಎರಡು ವರ್ಷದಲ್ಲಿ ಊರಿಗೆ ಮರಳುವ ಯೋಚನೆ ಇದ್ರೆ ಆ ತೆರಿಗೆಯನ್ನೂ ಕಾರಿನ ಬೆಲೆಗೆ ಸೇರಿಸಿಯೇ ಅಗ್ಗವೋ ದುಬಾರಿಯೋ ಅಂತ ತೀರ್ಮಾನ ಮಾಡಿ.

2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರುಗಳಿಗೂ ಆರ್‌ಟಿಒ ಅಧಿಕೃತ ಪತ್ರ ಬೇಕು ಅಂತ ಕೇಂದ್ರ ನಿಯಮ ಬಂದಿದೆ. ಅದನ್ನ ಕೇಳಿ ನೋಡೋದು ನಿಮ್ಮ ಹಕ್ಕು. ಕೀ ಕೈಗೆ ಬಂದ ದಿನ ಪೂಜೆ ಮಾಡ್ಸಿ, ನಿಂಬೆಹಣ್ಣು ಚಕ್ರದ ಕೆಳಗೆ ಇಡಿ. ಆದ್ರೆ ಕಾರು ನಿಮ್ಮದಾಗೋದು ಅವತ್ತಲ್ಲ, ಆರ್‌ಸಿಯಲ್ಲಿ ನಿಮ್ಮ ಹೆಸರು ಬಂದ ದಿನ.