ಬೀದರಿಗೆ ಎರಡು ರಾತ್ರಿ

ನಮ್ಮ ಜೀಡಿಮೆಟ್ಲಾ ಕಡೆಯ ಕನ್ನಡದ ಮನೆಗಳಲ್ಲೂ ಈಗ ಇಟಲಿ ಟೂರಿನ ಮಾತು ಕೇಳಿಸುತ್ತದೆ. ಫ್ಲಾರೆನ್ಸಿನಲ್ಲಿ ಮೂರು ರಾತ್ರಿ, ಯಾವ ಚರ್ಚಿಗೆ ಎಷ್ಟು ಹೊತ್ತು ಅಂತ ಮಕ್ಕಳು ಪಟ್ಟಿ ಹಾಕಿಕೊಡುತ್ತಾರೆ. ಸಂತೋಷ. ಆದರೆ ಅದೇ ಮನೆಯವರು ಬೀದರಿಗೆ ಹೋಗುವುದು ಹೇಗೆ? ಬೆಳಿಗ್ಗೆ ಕಾರು, ಝರಣಿ ನರಸಿಂಹನ ದರ್ಶನ, ಗುರುನಾನಕ್ ಝೀರಾ, ಕೋಟೆಯಲ್ಲಿ ಒಂದು ಗಂಟೆ, ರಾತ್ರಿ ಊಟಕ್ಕೆ ವಾಪಸು ಮನೆಗೆ. ಬೀದರಿಗೂ ಎರಡು ರಾತ್ರಿ ಕೊಡಿ ಅನ್ನೋದು ನನ್ನ ವಾದ. ಕಾರಣ ಇದೆ.

ಹೈದರಾಬಾದು ಅನ್ನೋ ಊರು ಹುಟ್ಟಿದ್ದೇ ಬೀದರು ಬಿದ್ದಿದ್ದರಿಂದ.

ಬಹಮನಿ ಸುಲ್ತಾನ ಅಹಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ. 1432ರ ಹೊತ್ತಿಗೆ ಕೋಟೆ ಎದ್ದು ನಿಂತಿತು. ಅವನು ತೀರಿಕೊಂಡ 1436ರಲ್ಲೇ ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟವೂ ಮುಗಿದಿದ್ದು. ಅಂದರೆ ಎರಡೂ ಒಂದೇ ಕಾಲದ ವೈಭವ. ಆಮೇಲೆ ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆ ಬಂದ ಮಹಮೂದ್ ಗವಾನ್ ಇಲ್ಲಿ ಪ್ರಧಾನಿಯಾದ. ಜಮೀನು ಅಳೆಸಿದ, ನಾಲ್ಕಿದ್ದ ಪ್ರಾಂತ್ಯಗಳನ್ನು ಎಂಟು ಮಾಡಿ ಪ್ರಾಂತಾಧಿಕಾರಿಗಳ ಕೈ ಕಟ್ಟಿದ. 1472ರಲ್ಲಿ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ಮುಂಭಾಗಕ್ಕೆಲ್ಲ ನೀಲಿ-ಹಸಿರು ಹಂಚು, ಒಳಗೆ ಮೂರು ಸಾವಿರ ಹಸ್ತಪ್ರತಿ ಇದ್ದವಂತೆ.

ಇಂಥವನಿಗೆ ಶತ್ರುಗಳು ಇರದೇ ಇರುತ್ತಾರೆಯೇ? ಅವನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು ಅಂತ ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಅದರ ಮೇಲೆ ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಎಂದು ಗವಾನನೇ ಬರೆದಂತೆ ಪತ್ರ ಸೃಷ್ಟಿಸಿದರು. (ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಈ ಕಥೆ ಓದಿದಾಗ ಮೈ ಜುಮ್ಮೆನ್ನುತ್ತದೆ. ಮುದ್ರೆ ಅಸಲಿ, ಕಾಗದ ಅಸಲಿ, ಬರಹ ಮಾತ್ರ ನಕಲಿ!) ಸುಲ್ತಾನ ಮೂರನೇ ಮಹಮದ್ ವಿಚಾರಣೆಯನ್ನೇ ಮಾಡಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತು ದಾಟಿದ ಆ ಮುದುಕನ ತಲೆ ಹೋಯಿತು. ಆಮೇಲೆ ಖಜಾನೆ ತೆರೆಸಿದರೆ ಅಲ್ಲಿ ಸಿಕ್ಕಿದ್ದು ತೀರಾ ಕಮ್ಮಿ. ಸುಲ್ತಾನನೂ ಮರುವರ್ಷವೇ ಸತ್ತ. ಮೂರು ವರ್ಷ ಮೊದಲು, 1478ರಲ್ಲಿ, ಫ್ಲಾರೆನ್ಸಿನಲ್ಲೂ ಪಿತೂರಿ ನಡೆದಿತ್ತು. ಅಲ್ಲಿ ತಮ್ಮ ಸತ್ತ, ಲೊರೆಂಜೊ ಮೆಡಿಚಿ ಉಳಿದುಕೊಂಡ, ಊರೂ ಉಳಿಯಿತು. ಇಲ್ಲಿ ರಾಜ್ಯವೇ ಚೂರಾಯಿತು. ಬಿಜಾಪುರ, ಅಹಮದ್‌ನಗರ, ಬೀರಾರ್ ಒಂದೊಂದಾಗಿ ಕಳಚಿಕೊಂಡವು. ಇರಾನಿನಿಂದ ಬಂದು ಬೀದರಿನ ಆಸ್ಥಾನದಲ್ಲಿ ನೌಕರಿಗೆ ಸೇರಿದ್ದ ಸುಲ್ತಾನ್ ಕುಲಿ ತೆಲಂಗಾಣದ ಸುಬೇದಾರನಾಗಿ ಗೋಲ್ಕೊಂಡಾಕ್ಕೆ ಬಂದಿದ್ದ. 1518ರಲ್ಲಿ ಅವನೂ ಸ್ವತಂತ್ರನಾದ. ಅವನ ಮೊಮ್ಮಗನೇ 1591ರಲ್ಲಿ ಹೈದರಾಬಾದು ಕಟ್ಟಿದ್ದು.

ಈಗ ಪ್ರವಾಸದ ಲೆಕ್ಕ. ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ದುಂಡಿಗಲ್ ಹತ್ತಿರ ಹೊರವರ್ತುಲ ರಸ್ತೆ ಹಿಡಿದು ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದಿನಲ್ಲಿ ಬಲಕ್ಕೆ. ಮೂರು ಗಂಟೆ ಸಾಕು. ಜಹೀರಾಬಾದು ಕೂಡ 1956ರ ತನಕ ಬೀದರ್ ಜಿಲ್ಲೆಯೇ. ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಹೋಳಾದಾಗ ಅದು ಆಂಧ್ರಕ್ಕೆ ಬಂತು, ಉದಗೀರ ಬೊಂಬಾಯಿ ರಾಜ್ಯಕ್ಕೆ ಹೋಯಿತು, ಉಳಿದದ್ದು ನಮ್ಮ ಮೈಸೂರಿಗೆ.

ಮೊದಲ ದಿನ ಮಧ್ಯಾಹ್ನ ಮದರಸಾ ಮತ್ತು ಚೌಬಾರಾ ಮಾತ್ರ ನೋಡಿ. ಮದರಸಾದ ಒಂದು ಮಿನಾರು ನಿಂತಿದೆ, ಇನ್ನೊಂದು ಕಡೆ ಬೋಳು. ಔರಂಗಜೇಬನ ಕಾಲದಲ್ಲಿ ಅಲ್ಲಿ ಮದ್ದು ತುಂಬಿಟ್ಟಿದ್ದರು, 1696ರಲ್ಲಿ ಸಿಡಿಯಿತು.

ಎರಡನೇ ದಿನ ಪೂರ್ತಿ ಕೋಟೆಗೆ ಬೇಕು. ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕವನ್ನು ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋಗಬೇಡಿ, ಇಳಿಯಿರಿ. ರಂಗೀನ್ ಮಹಲಿಗೆ ಬೀಗ ಹಾಕಿದ್ದರೆ ಮ್ಯೂಸಿಯಂ ಸಿಬ್ಬಂದಿಯನ್ನು ಕೇಳಿ. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ಅಲ್ಲಿದೆ. ಸಂಜೆ ಊರೊಳಗೆ ಬಿದರಿ ಕೆಲಸದವರ ಅಂಗಡಿಗೆ ಹೋಗಿ. ಸತುವಿನ ಪಾತ್ರೆಗೆ ಆ ಕಪ್ಪು ಬಣ್ಣ ಬರುವುದು ಇದೇ ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ಕುದಿಸಿ ತಿಕ್ಕಿದಾಗ. ನಮ್ಮ ಮನೆಯ ಷೋಕೇಸಿನಲ್ಲಿರುವ ಹೂದಾನಿಯಲ್ಲಿ ಕೋಟೆಯ ಪಾಲೂ ಇದೆ ಅಂದಹಾಗಾಯಿತು.

ಮೂರನೇ ಬೆಳಿಗ್ಗೆ ಅಷ್ಟೂರು. ಒಂದೇ ದಿನದ ಪ್ರವಾಸದವರು ತಪ್ಪಿಸಿಕೊಳ್ಳುವುದು ಇದನ್ನೇ. ಅಹಮದ್ ಶಾನ ಸಮಾಧಿಯ ಒಳಗೆ ಕತ್ತಲು, ಟಾರ್ಚ್ ಒಯ್ಯಿರಿ. ಬೆಳಕು ಬಿದ್ದಲ್ಲೆಲ್ಲ ಕೆಂಪು, ಚಿನ್ನದ ಬಣ್ಣದ ಚಿತ್ತಾರ. ಅವನನ್ನು ಮುಸ್ಲಿಮರು ವಲಿ ಅನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭು ಅನ್ನುತ್ತಾರೆ. ಉರುಸಿಗೆ ಕಲಬುರಗಿ ಕಡೆಯ ಮಡ್ಯಾಳದಿಂದ ಜಂಗಮರು ಬರುತ್ತಾರೆ, ತಿಥಿ ನೋಡುವುದು ಹಿಂದೂ ಪಂಚಾಂಗದಲ್ಲಿ. ಪಕ್ಕದಲ್ಲೇ ಸಿಡಿಲು ಬಡಿದು ಅರ್ಧ ಸೀಳಿದ ಹುಮಾಯೂನ್ ಶಾನ ಗುಮ್ಮಟ. ಗೋಡೆ ಎಷ್ಟು ದಪ್ಪ ಇತ್ತು ಅಂತ ಹೊರಗೆ ನಿಂತೇ ಅಳೆಯಬಹುದು.

ಸಮಯ ಉಳಿದರೆ ಗೋರ್ನಳ್ಳಿ ಕಡೆ ಹೋಗಿ ಗವಾನನ ಸಮಾಧಿ ನೋಡಿ. ಅದಕ್ಕೆ ಗುಮ್ಮಟ ಇಲ್ಲ. ಅಲ್ಲಿಂದ ಹೊರಟರೆ ಮಧ್ಯಾಹ್ನದ ಊಟ ಜಹೀರಾಬಾದಿನಲ್ಲಿ ಮುಗಿಸಬಹುದು.